ಶಾಲಾ ಸಿದ್ಧತೆ

ಒಂದನೆಯ ತರಗತಿಯ ಕ್ರಮಬದ್ಧ ಕಲಿಕೆಗೆ ಮಗು ಮೈ, ಮನಸ್ಸು, ಮಾತು, ನಡವಳಿಕೆಗಳಲ್ಲಿ ಅಣಿಯಾಗಿರುವ ಸ್ಥಿತಿಗೆ ಶಾಲಾ ಸಿದ್ಧತೆ ಎನ್ನುತ್ತಾರೆ. ಶಿಶುಶಿಕ್ಷಣ ತಜ್ಞರು ಈಗ ಈ ಮಾತನ್ನು ಮಗುವೊಂದಕ್ಕೇ ಅನ್ವಯಿಸುವುದಿಲ್ಲ. ಮಗುವನ್ನು ಬರಮಾಡಿಕೊಳ್ಳುವ ಶಾಲೆ, ಕಳಿಸಿಕೊಡುವ ಮನೆ ಇವೆರಡೂ ಅಣಿಯಾಗಿವೆಯೇ ಎಂದು ಸೇರಿಸಿಯೇ ನೋಡುತ್ತಾರೆ. ಯುನಿಸೆಫ್ 2012ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಸಿದ್ಧ ಮಗು, ಸಿದ್ಧ ಶಾಲೆ, ಸಿದ್ಧ ಕುಟುಂಬ ಎಂಬ ಮೂರು ಮುಖಗಳಿವೆ.

ವಾಡಿಕೆಯಲ್ಲಿ ಈ ಹೊರೆ ಬೀಳುವುದು ಮಾತ್ರ ಮಗುವಿನ ಮೇಲೆಯೇ. ಎಬಿಸಿಡಿ ಬರುತ್ತದೆಯೇ, ನೂರರವರೆಗೆ ಹೇಳುತ್ತಾನೆಯೇ, ಹೆಸರು ಬರೆಯುತ್ತಾಳೆಯೇ ಎಂಬ ಪ್ರಶ್ನೆಗಳೇ ಸಿದ್ಧತೆಯ ಪರೀಕ್ಷೆ ಎಂದು ನಡೆದುಬಂದಿದೆ. ಮಗುವಿಗೆ ಇದುವರೆಗೆ ಯಾರು ಏನು ಹೇಳಿಕೊಟ್ಟಿದ್ದಾರೆ ಎಂಬುದನ್ನಷ್ಟೇ ಈ ಪ್ರಶ್ನೆಗಳು ಹೊರಗೆಡಹುತ್ತವೆ. ಇನ್ನು ಮುಂದೆ ಕಲಿಯಲು ಬೇಕಾದ ಕಸುವು ಎಷ್ಟಿದೆ ಎಂಬುದು ಅವುಗಳಿಂದ ತಿಳಿಯದು. ಮನೆಯಲ್ಲಿ ಪುಸ್ತಕವಿರುವ ಮಗು ಉತ್ತರಿಸುತ್ತದೆ, ಕೂಲಿಕಾರರ ಮನೆಯ ಮಗು ಸುಮ್ಮನೆ ನಿಲ್ಲುತ್ತದೆ. ಆ ಮೌನವನ್ನು ಮಗುವಿನ ದಡ್ಡತನವೆಂದು ಬರೆದುಕೊಂಡರೆ ಶಾಲೆ ಮೊದಲ ದಿನವೇ ಅನ್ಯಾಯ ಮಾಡಿದಂತೆ.

ವಯಸ್ಸಿನ ಲೆಕ್ಕ

ಸಿದ್ಧತೆಯನ್ನು ಗೊತ್ತುಮಾಡಲು ಎಲ್ಲ ಕಾಲದಲ್ಲೂ ಮೊದಲು ನೋಡಿದ್ದು ವಯಸ್ಸನ್ನು. ಜನನ ಪ್ರಮಾಣಪತ್ರ ಇಲ್ಲದ ಕಾಲದಲ್ಲಿ ಕರ್ನಾಟಕದ ಹಳ್ಳಿಶಾಲೆಗಳ ಹೆಡ್‌ಮಾಸ್ತರರು ಮಗುವನ್ನು ಎದುರು ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಬೆರಳು ಕಿವಿಗೆ ಎಟುಕಿದರೆ ದಾಖಲೆ, ಎಟುಕದಿದ್ದರೆ ಮುಂದಿನ ವರ್ಷ. ಈಗ ಐವತ್ತು ದಾಟಿದ ಅನೇಕರು ಶಾಲೆಗೆ ಸೇರಿದ್ದು ಹೀಗೆಯೇ. ಈ ಅಳತೆಗೆ ದೇಹಶಾಸ್ತ್ರದ ಆಧಾರವೂ ಒಂದಿಷ್ಟಿದೆ. ಎಳೆಯ ಮಕ್ಕಳಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕೈಕಾಲು ಗಿಡ್ಡ. ಆರರ ಆಸುಪಾಸಿನಲ್ಲಿ ಕೈಕಾಲು ಉದ್ದವಾಗಿ ತೋಳು ತಲೆಯನ್ನು ಬಳಸುವಷ್ಟಾಗುತ್ತದೆ. ಜರ್ಮನ್ ಭಾಷೆಯಲ್ಲಿ ಇದಕ್ಕೆ ಫಿಲಿಪೀನ್ಸ್ ಅಳತೆ ಎಂಬ ಹೆಸರೇ ಇದೆ. ಆದರೆ ಮಗುವಿನ ಮೈ ಎಲ್ಲಿಗೆ ಬಂದಿದೆ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳಲಾರದು. ಹೀಗೆ ಸೇರಿದವರ ಹುಟ್ಟಿದ ದಿನವನ್ನು ಮಾಸ್ತರರು ಅಂದಾಜಿನ ಮೇಲೆ ಬರೆಯುತ್ತಿದ್ದರು. ಆ ತಲೆಮಾರಿನ ಎಷ್ಟೋ ಜನರ ದಾಖಲೆಗಳಲ್ಲಿ ಜೂನ್ 1 ಜನ್ಮದಿನವಾಗಿ ಉಳಿದಿರುವುದು ಅದರಿಂದ.

ಶಿಕ್ಷಣ ಹಕ್ಕು ಕಾಯ್ದೆ (2009ರಲ್ಲಿ ಅಂಗೀಕಾರ, 2010ರ ಏಪ್ರಿಲ್ 1ರಿಂದ ಜಾರಿ) ಕಡ್ಡಾಯ ಶಿಕ್ಷಣದ ಆರಂಭವನ್ನು ಆರು ವರ್ಷಕ್ಕೆ ನಿಲ್ಲಿಸಿತು. ಕರ್ನಾಟಕದಲ್ಲಿ ಮಾತ್ರ 5 ವರ್ಷ 5 ತಿಂಗಳಾದ ಮಗುವನ್ನೂ ಒಂದನೆಯ ತರಗತಿಗೆ ಸೇರಿಸಿಕೊಳ್ಳುವ ಪದ್ಧತಿ ಇತ್ತು. 2022ರ ಜುಲೈ ಆದೇಶ ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕು ಎಂದಿತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳು ಒಂದು ವರ್ಷ ಹಿಂದುಳಿಯುತ್ತಾರೆಂಬ ತಕರಾರು ಬಂದಿದ್ದರಿಂದ ಜಾರಿಯನ್ನು 2025-26ಕ್ಕೆ ಮುಂದೂಡಿದರು. ಆ ವರ್ಷ ಬಂದಾಗ ಪೋಷಕರ ಒತ್ತಾಯಕ್ಕೆ ಮಣಿದು, ಯುಕೆಜಿ ಮುಗಿಸಿದ ಮಕ್ಕಳಿಗೆ ಅದೊಂದೇ ಸಾಲಿಗೆಂದು ಮತ್ತೆ 5 ವರ್ಷ 5 ತಿಂಗಳಿನ ಸಡಿಲಿಕೆ ಸಿಕ್ಕಿತು. ಹೊರದೇಶಗಳ ರೂಢಿಯೂ ಒಂದೇ ತೆರನಾಗಿಲ್ಲ. ಇಂಗ್ಲೆಂಡಿನಲ್ಲಿ ಐದಕ್ಕೇ ಶಾಲೆ ಕಡ್ಡಾಯವಾದರೆ, ಫಿನ್ಲೆಂಡಿನ ಮಕ್ಕಳು ಒಂದನೆಯ ತರಗತಿಗೆ ಹೋಗುವುದು ಏಳಕ್ಕೆ.

ಕಟ್ಟುನಿಟ್ಟಿನ ದಿನಾಂಕದಿಂದ ಗೊಂದಲ ತಪ್ಪುತ್ತದೆ, ನಿಜ. ಆದರೂ ಒಂದೇ ಬೆಂಚಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷದ ಅಂತರವಿರುವ ಇಬ್ಬರು ಕೂತಿರುತ್ತಾರೆ. ಆರು ವರ್ಷದ ಮಗುವಿಗೆ ಒಂದು ವರ್ಷವೆಂದರೆ ಆಯುಸ್ಸಿನ ಆರನೆಯ ಒಂದು ಭಾಗ. ತರಗತಿಯ ಅತಿ ಕಿರಿಯ ಮಕ್ಕಳಿಗೆ ಗಮನದ ಕೊರತೆಯ ತೊಂದರೆ ಇದೆಯೆಂಬ ಹಣೆಪಟ್ಟಿ ಹೆಚ್ಚಾಗಿ ಬೀಳುತ್ತದೆ ಎಂದು ಅಮೆರಿಕದಲ್ಲೂ ಬೇರೆ ಹಲವು ದೇಶಗಳಲ್ಲೂ ನಡೆದ ಅಧ್ಯಯನಗಳು ತೋರಿಸಿವೆ. ವಯಸ್ಸಿಗೆ ತಕ್ಕ ಚಡಪಡಿಕೆ ಅಲ್ಲಿ ಕಾಯಿಲೆಯ ಲೆಕ್ಕಕ್ಕೆ ಹೋಗುತ್ತದೆ.

ವಿಚಾರ ಬೆಳೆದ ದಾರಿ

ಹಿಂದೆ ಊರಿನ ಕೂಲಿಮಠಗಳೆಂಬ ಪಾಠಶಾಲೆಗಳಲ್ಲಿ ಗುರುಗಳಾದ ಐಗಳು ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುತ್ತಿದ್ದರು. ವಿಜಯದಶಮಿಯಂದು ಅಕ್ಕಿ ಹರಡಿದ ತಟ್ಟೆಯಲ್ಲಿ ಅಕ್ಷರಾಭ್ಯಾಸ ಮಾಡಿಸುವ ಪದ್ಧತಿ ಈಗಲೂ ಉಂಟು. ಆಟವೇ ಎಳೆಯರ ಕಲಿಕೆ ಎಂಬ ನಿಲುವಿಗೆ ಸಂಸ್ಥೆಯ ರೂಪ ಬಂದದ್ದು ಫ್ರೆಡರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಆರಂಭಿಸಿದ ಶಿಶುವಿಹಾರದಿಂದ. ಭಾರತದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದು, ಹೆದರಿಕೆಯಿಲ್ಲದ ಕಲಿಕೆಯನ್ನು ಗುಜರಾತಿ ಮನೆಗಳ ಮಾತಿಗೆ ಹೊಂದಿಸಿದರು. ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನು ಇಲ್ಲೇ ಕಳೆದು, ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕಗಳನ್ನು ಮಕ್ಕಳ ಶಿಕ್ಷಣಕ್ಕೆ ಜೋಡಿಸಿದರು. ಇವರೆಲ್ಲರಿಗಿಂತ ಬಡವರ ಹತ್ತಿರ ಹೋದವರು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದ ಗುಡ್ಡದಲ್ಲಿ ಅವರು ಕೆಲಸ ಮಾಡಿದರು. ಮಕ್ಕಳು ಶಾಲೆಗೆ ಬರಲಿಲ್ಲವೆಂದಾಗ ಆದಿವಾಸಿ ಹಾಡಿಗಳ ಅಂಗಳಕ್ಕೇ ಶಾಲೆಯನ್ನು ಒಯ್ದರು. ಬೆಣಚುಕಲ್ಲು, ಬೀಜ, ಎಲೆ, ಚಿಪ್ಪುಗಳೇ ಅವರ ಕಲಿಕಾ ಸಾಮಗ್ರಿ. ದೇಶದ ಅಂಗನವಾಡಿಗಳಿಗೆ ಮಾದರಿ ಸಿಕ್ಕಿದ್ದು ಇಲ್ಲಿಂದ.

ಸಿದ್ಧತೆ ತಾನಾಗಿ ಮಾಗಿ ಬರುತ್ತದೆ, ಕಾಯಬೇಕು ಎಂಬುದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ ಅವರ ವಾದ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅದು ಬಹಳ ನಡೆಯಿತು. ಅದೇ ಕಾಲದ ರಷ್ಯದ ಲೆವ್ ವೈಗಾಟ್‌ಸ್ಕಿ ಬೇರೆ ಕಡೆಯಿಂದ ನೋಡಿದರು. ಮಗು ಒಬ್ಬಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಒಂದು ವಲಯವಿದೆ, ಕಲಿಕೆ ನಡೆಯುವುದು ಆ ವಲಯದಲ್ಲಿ ಎಂದರು. ಹಾಗಾದರೆ ಬರೀ ಕಾಯುವುದರಿಂದ ಪ್ರಯೋಜನವಿಲ್ಲ, ಪಕ್ಕದಲ್ಲಿ ಕೂತು ಕೈಹಿಡಿದು ನಡೆಸುವವರು ಬೇಕು. ಮನೆಯಲ್ಲಿ ಅಂಥ ಹೊತ್ತು ಯಾರಿಗೂ ಇಲ್ಲದ ಮಗುವಿಗೆ ಇನ್ನೊಂದು ವರ್ಷ ಬಿಟ್ಟು ಬಾ ಎಂದರೆ ಆ ವರ್ಷವೂ ಬರಿದೇ ಕಳೆಯುತ್ತದೆ.

1990ರಲ್ಲಿ ಅಮೆರಿಕ, 2000ದ ಹೊತ್ತಿಗೆ ದೇಶದ ಎಲ್ಲ ಮಕ್ಕಳೂ ಕಲಿಯಲು ಸಿದ್ಧರಾಗಿ ಶಾಲೆಗೆ ಬರಬೇಕು ಎಂಬ ರಾಷ್ಟ್ರೀಯ ಗುರಿಯನ್ನು ಸಾರಿತು. ಗುರಿ ಈಡೇರಲಿಲ್ಲ. ಆದರೆ ಅದರ ನೆಪದಲ್ಲಿ ತಜ್ಞರು ಗುರುತಿಸಿದ ಐದು ಕ್ಷೇತ್ರಗಳು ಜಗತ್ತಿನೆಲ್ಲೆಡೆ ಬಳಕೆಗೆ ಬಂದವು: ದೈಹಿಕ ಆರೋಗ್ಯ ಮತ್ತು ಚಲನೆ, ಭಾವನೆ ಮತ್ತು ಒಡನಾಟ, ಕಲಿಕೆಯ ಒಲವು, ಭಾಷೆ, ಅರಿವು. ಭಾರತದ 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇವುಗಳ ಜೊತೆಗೆ ಕಲೆ ಮತ್ತು ಸಂಸ್ಕೃತಿಯನ್ನೂ ಸೇರಿಸಿದೆ.

ಸಿದ್ಧತೆಯಲ್ಲಿ ಏನೇನಿದೆ

ಶಾಲೆಯ ಮೊದಲ ತಿಂಗಳಲ್ಲಿ ಮಗುವಿಗೆ ನಿಜವಾಗಿ ಕಷ್ಟವಾಗುವುದು ಅಕ್ಷರಗಳಿಂದಲ್ಲ. ಅಮ್ಮನನ್ನು ಬಿಟ್ಟು ಕೂರುವುದು, ತನ್ನ ಸರದಿಗೆ ಕಾಯುವುದು, ಮೂತ್ರಕ್ಕೆ ಹೋಗಬೇಕೆಂದು ಟೀಚರಿಗೆ ಹೇಳುವುದು, ಚಡ್ಡಿಯ ಗುಂಡಿ ತಾನೇ ಹಾಕಿಕೊಳ್ಳುವುದು, ಊಟದ ತಟ್ಟೆ ಚೆಲ್ಲದೆ ಹಿಡಿದುಕೊಂಡು ಬರುವುದು, ನಲವತ್ತು ಮಕ್ಕಳ ನಡುವೆ ತನಗೆ ಹೇಳಿದ ಮಾತು ಯಾವುದೆಂದು ತಿಳಿಯುವುದು, ಇವೇ ಕಷ್ಟದವು. ಈ ಆತ್ಮನಿಯಂತ್ರಣ ಬಂದಿರುವ ಮಗುವಿಗೆ ಅಕ್ಷರ ತಡವಾಗಿ ಹತ್ತಿದರೂ ತೊಂದರೆಯಿಲ್ಲ. ಅಕ್ಷರವೆಲ್ಲ ಬಂದು ಇದು ಬಾರದ ಮಗು ದಿನವಿಡೀ ಅಳುತ್ತ ಕೂರುವುದುಂಟು. ಕಣ್ಣಾಮುಚ್ಚಾಲೆಯಲ್ಲಿ ಕಣ್ಣುಮುಚ್ಚಿ ಎಣಿಸಿ ಮುಗಿಸುವವರೆಗೆ ತಡೆದುಕೊಳ್ಳುವುದು, ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದರೆ ತಾನೇ ಔಟೆಂದು ಒಪ್ಪಿ ಪಕ್ಕಕ್ಕೆ ಸರಿಯುವುದು ಈ ನಿಯಂತ್ರಣದ ಒಳ್ಳೆಯ ಅಭ್ಯಾಸಗಳು. ಆಟವಾಡಿ ಕೆಟ್ಟ ಎಂದು ಗದರುವವರು ಇದನ್ನು ಒಂದು ಗಳಿಗೆ ಕೂತು ನೋಡಬೇಕು.

ಲೆಕ್ಕದ ವಿಷಯದಲ್ಲಿ ಪಾಠ ಒಪ್ಪಿಸುವುದಕ್ಕೂ ಅರಿಯುವುದಕ್ಕೂ ಇರುವ ಅಂತರ ಎದ್ದು ಕಾಣುತ್ತದೆ. ಐವತ್ತರವರೆಗೆ ಗಡಗಡ ಹೇಳುವ ಮಗುವಿನ ಮುಂದೆ ಎಂಟು ಹುಣಸೆಬೀಜ ಹರಡಿ ಎಣಿಸಲು ಹೇಳಿದರೆ, ಕೆಲವನ್ನು ಎರಡು ಸಲ ಮುಟ್ಟಿ, ಕೆಲವನ್ನು ಬಿಟ್ಟು ಹನ್ನೊಂದು ಎನ್ನಬಹುದು. ಒಂದು ಬೀಜಕ್ಕೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬ ಅರಿವು ಇನ್ನೂ ಕೂಡಿಬಂದಿಲ್ಲ. ಅದೇ ಬೀಜಗಳನ್ನು ದೂರದೂರ ಇಟ್ಟಾಗ ಹೆಚ್ಚಾದವು ಎನ್ನುವುದೂ ಈ ವಯಸ್ಸಿಗೆ ಸಹಜ; ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಿಗೆ ಒಂದೊಂದೇ ಕಾಯಿ ಹಾಕುತ್ತ ಹೋಗುವ ಮಗು ಈ ಒಂದಕ್ಕೊಂದರ ಹೊಂದಿಕೆಯನ್ನು ಬೆರಳಿನಿಂದಲೇ ಕಲಿಯುತ್ತದೆ. ಕಾಯಿ ಎಲ್ಲಿ ಮುಗಿಯುತ್ತದೆಂದು ಹಾಕುವ ಮುಂಚೆಯೇ ಕಣ್ಣಿನಲ್ಲಿ ಅಳೆಯುವುದನ್ನೂ ಕಲಿಯುತ್ತದೆ. ಬಣ್ಣ, ಗಾತ್ರ, ಆಕಾರಗಳಿಂದ ವಿಂಗಡಿಸುವುದು, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವುದು, ಕೆಂಪು–ಹಸಿರು–ಕೆಂಪು–ಹಸಿರು ಎಂಬ ಸರಣಿ ಮುಂದುವರಿಸುವುದು ಇವೆಲ್ಲ ಅಂಕಿಗಿಂತ ಮುಂಚೆ ಬರಬೇಕಾದ ಗಣಿತ.

ಕನ್ನಡದ ಓದಿಗೆ ಮುನ್ನ

ಓದಿನ ಸಿದ್ಧತೆಯ ಕುರಿತ ಬಹುಪಾಲು ಬರವಣಿಗೆ ಇಂಗ್ಲಿಷ್ ಓದನ್ನು ಆಧರಿಸಿದ್ದು. ಅದನ್ನು ಹಾಗೆಯೇ ಕನ್ನಡಕ್ಕೆ ಹೊದಿಸಲಾಗದು. ಇಂಗ್ಲಿಷಿನಲ್ಲಿ ಅಕ್ಷರ ಇಪ್ಪತ್ತಾರೇ, ಅವುಗಳ ಉಚ್ಚಾರಣೆ ಮಾತ್ರ ಪದಪದಕ್ಕೂ ಬದಲು. ಕನ್ನಡದಲ್ಲಿ ಬರೆದಂತೆ ಓದು. ಆದರೆ ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರನ್ನು ಮೀರುತ್ತವೆ, ಒತ್ತಕ್ಷರಗಳು ಬೇರೆ. ಬೆಂಗಳೂರಿನ ಸುತ್ತಲಿನ ಶಾಲೆಗಳ ಕನ್ನಡ ಓದುಗರನ್ನು ಅಧ್ಯಯನ ಮಾಡಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಕ್ಷೇತ್ರದಲ್ಲಿ ಮುಖ್ಯವಾದದ್ದು. ಅಕ್ಷರಜ್ಞಾನ ಒಂದನೆಯ ತರಗತಿಯಲ್ಲಿ ಮುಗಿಯುವುದಿಲ್ಲ, ಮೂರು ನಾಲ್ಕನೆಯ ತರಗತಿಯವರೆಗೂ ನಿಧಾನವಾಗಿ ಬೆಳೆಯುತ್ತ ಹೋಗುತ್ತದೆ ಎಂದು ಅದು ತೋರಿಸಿತು. ಕ–ಮ–ಲ ಎಂದು ಮಾತನ್ನು ಅಕ್ಷರಗಳಾಗಿ ಒಡೆಯುವ ಶಕ್ತಿ ಮಕ್ಕಳಿಗೆ ಬೇಗ ಬರುತ್ತದೆ, ‘ಕ’ದಲ್ಲಿ ಕ್ ಮತ್ತು ಅ ಎರಡು ಧ್ವನಿಗಳಿವೆ ಎಂಬ ಅರಿವು ಬರುವುದು ಬಹಳ ತಡವಾಗಿ. ಹೀಗಿರುವಾಗ ನಾಲ್ಕು ವರ್ಷದ ಮಗುವಿನಿಂದ ಕಾಗುಣಿತ ಪೂರ್ತಿ ಬರೆಸುವ ನರ್ಸರಿ ತನ್ನ ಹೊತ್ತನ್ನೂ ಮಗುವಿನ ಬೆರಳನ್ನೂ ದಂಡಿಸುತ್ತಿದೆ ಎಂದೇ ಹೇಳಬೇಕಾಗುತ್ತದೆ.

ಕನ್ನಡದ ಮೊದಲ ಪಾಠಗಳನ್ನು ರೂಪಿಸಿದವರಿಗೆ ಈ ಹದ ಗೊತ್ತಿತ್ತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ಕಲಿಕೆ ಶುರುವಾಗುವುದು ಅ ಆ ಇ ಈ ಎಂಬ ವರ್ಣಮಾಲೆಯ ಸಾಲಿನಿಂದಲ್ಲ, ರ ಗ ಸ ದ ಅ ಎಂಬ ಗುಂಪಿನಿಂದ. ಬಾಗಿದ ಸರಳ ಗೆರೆಗಳು, ಕೈಗೆ ಸುಲಭ. ಐದು ಅಕ್ಷರ ಬಂದ ಕೂಡಲೇ ಸರ, ಅರಸ, ಅಗಸ, ಗರಗಸ ಎಂದು ಅರ್ಥವಿರುವ ಪದಗಳನ್ನು ಮಗು ಓದುತ್ತದೆ. ಓದು ಎಂದರೆ ಅರ್ಥ ಸಿಗುವುದು ಎಂಬ ಅನುಭವ ಮೊದಲ ವಾರಗಳಲ್ಲೇ ಆಗುತ್ತದೆ. ಇದಕ್ಕೆ ಮುನ್ನ ಬೇಕಾದದ್ದು ಕಿವಿಯ ಕೆಲಸ: ಪ್ರಾಸ ಹಿಡಿಯುವುದು, ಹೆಸರನ್ನು ಚಪ್ಪಾಳೆ ತಟ್ಟಿ ಅಕ್ಷರ ಬಿಡಿಸುವುದು, ಕತೆ ಕೇಳಿ ಮುಂದೇನಾಯಿತೆಂದು ಊಹಿಸುವುದು. ಆ ಮೇಲೆ ಕಣ್ಣಿನ ಕೆಲಸ, ಮ ಮತ್ತು ವ ಬೇರೆ ಬೇರೆ ಎಂದು ಕಾಣುವಷ್ಟು ಸೂಕ್ಷ್ಮ. ಬೆರಳಿನ ಕೆಲಸ ಕೊನೆಗೆ. ಚಪಾತಿ ಹಿಟ್ಟು ನಾದಿ, ಹೂವು ಪೋಣಿಸಿ, ಅಂಗಳದಲ್ಲಿ ರಂಗೋಲಿಯ ಚುಕ್ಕಿ ಇಟ್ಟ ಬೆರಳು ಬಳಪ ಹಿಡಿಯಲು ಹೆಣಗುವುದಿಲ್ಲ.

ಮನೆಮಾತು ಬೇರೆಯಾದಾಗ ಇದೆಲ್ಲ ಇನ್ನೊಂದು ಸುತ್ತು ಜಟಿಲ. ತುಳು, ಕೊಂಕಣಿ, ಕೊಡವ, ಬ್ಯಾರಿ, ಲಂಬಾಣಿ, ಉರ್ದು, ತೆಲುಗು, ಮರಾಠಿ ಮನೆಗಳಿಂದ, ಸೋಲಿಗರ ಪೋಡುಗಳಿಂದ, ಜೇನುಕುರುಬರ ಹಾಡಿಗಳಿಂದ ಬರುವ ಮಕ್ಕಳಿಗೆ ಶಾಲೆಯ ಕನ್ನಡ ಹೊಸ ಭಾಷೆ. ತುಳು ಮನೆಯ ಮಗುವಿನ ಮುಂದೆ ಬಣ್ಣದ ಗುಂಡಿಗಳನ್ನಿಟ್ಟು ಹಳದಿ ಯಾವುದು ಎಂದರೆ ಅದು ಸುಮ್ಮನಿರಬಹುದು. ಮಂಜಲ್ ಯಾವುದು ಎಂದರೆ ಥಟ್ಟನೆ ತೋರಿಸುತ್ತದೆ. ಮೊದಲ ಪ್ರಶ್ನೆ ಅಳೆದದ್ದು ಬಣ್ಣದ ಅರಿವನ್ನಲ್ಲ. ಕನ್ನಡವೇ ಮನೆಮಾತಾಗಿರುವ ಬೀದರ್, ಕಲಬುರಗಿ, ಧಾರವಾಡದ ಮಕ್ಕಳಿಗೂ ಪುಸ್ತಕದ ಕನ್ನಡ ಸ್ವಲ್ಪ ಪರಕೀಯವೇ. ಇನ್ನು ಮನೆಯಲ್ಲಿ ಒಂದಕ್ಷರ ಇಂಗ್ಲಿಷ್ ಕೇಳದ ಮಗುವನ್ನು ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವುದು ಈಗ ಹಳ್ಳಿಹಳ್ಳಿಯ ಮಾತು. ಮಾಧ್ಯಮದ ಆಯ್ಕೆ ಪೋಷಕರದೆಂದು ಸುಪ್ರೀಂ ಕೋರ್ಟು 2014ರ ಮೇ ತಿಂಗಳಲ್ಲಿ ಕರ್ನಾಟಕದ ಪ್ರಕರಣದಲ್ಲೇ ತೀರ್ಪಿತ್ತಿದೆ. ಪೋಷಕರ ಆಸೆ ಅರ್ಥವಾಗುವಂಥದ್ದು. ಆದರೆ ಮನೆಮಾತಿನಲ್ಲಿ ಯೋಚಿಸಿ ಮಾತಾಡುವ ಧೈರ್ಯ ಬರುವ ಮೊದಲೇ ಅದನ್ನು ಕಿತ್ತುಕೊಂಡರೆ ಎರಡನೆಯ ಭಾಷೆಗೂ ಕಾಲೂರಲು ಜಾಗ ಸಿಗುವುದಿಲ್ಲ.

ಅಳೆಯುವ ಬಗೆಗಳು

ಸಿದ್ಧತೆಯನ್ನು ಅಳೆಯುವವರ ಉದ್ದೇಶ ಮೂರು ತೆರ. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ಜರಡಿ ಹಿಡಿಯುವುದು ಒಂದು. ಭಾರತದಲ್ಲಿ ಇದು ಕಾನೂನುಬಾಹಿರ. ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ಬೇಡವೆಂದು ಯಶಪಾಲ್ ಸಮಿತಿ 1993ರಲ್ಲೇ ಹೇಳಿತ್ತು. ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಸೆಕ್ಷನ್, ಪ್ರವೇಶದ ವೇಳೆ ಮಗುವನ್ನಾಗಲಿ ಪೋಷಕರನ್ನಾಗಲಿ ಸೋಸುವ ಯಾವುದೇ ವಿಧಾನವನ್ನು ನಿಷೇಧಿಸಿ, ಮೊದಲ ಸಲ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡ ವಿಧಿಸುತ್ತದೆ. ಆದರೂ ನಗರಗಳ ಹಲವು ಖಾಸಗಿ ಶಾಲೆಗಳಲ್ಲಿ ಮಾತುಕತೆ, ಪರಿಚಯ ಎಂಬ ಹೆಸರಿನಲ್ಲಿ ಇದು ಉಳಿದಿದೆ. ಅಪ್ಪ ಅಮ್ಮನ ಇಂಗ್ಲಿಷೂ ಅಲ್ಲಿ ತಕ್ಕಡಿಗೆ ಬರುತ್ತದೆ.

ಎರಡನೆಯದು ಒಂದು ಪ್ರದೇಶದ ಅಥವಾ ದೇಶದ ಮಕ್ಕಳ ಒಟ್ಟು ಸ್ಥಿತಿ ತಿಳಿಯುವುದು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮ್ಯಾಗ್ಡಲೀನಾ ಯಾನುಸ್ ಮತ್ತು ಡ್ಯಾನ್ ಆಫರ್ಡ್ ರೂಪಿಸಿದ ಅರ್ಲಿ ಡೆವಲಪ್‌ಮೆಂಟ್ ಇನ್‌ಸ್ಟ್ರುಮೆಂಟ್ ಇದಕ್ಕೆ ಹೆಸರಾದದ್ದು. ಮಗುವನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಕೆಲವು ತಿಂಗಳಿಂದ ಮಗುವನ್ನು ಕಂಡಿರುವ ಶಿಕ್ಷಕರೇ ನೂರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರ ತುಂಬುತ್ತಾರೆ. ಫಲಿತಾಂಶವನ್ನು ಬಡಾವಣೆ, ಊರುಗಳ ಮಟ್ಟದಲ್ಲಿ ಲೆಕ್ಕ ಹಾಕುತ್ತಾರೆ. ಯಾವುದೇ ಮಗುವಿಗೆ ಅಂಕ ಸಿಗುವುದಿಲ್ಲ. ಆಸ್ಟ್ರೇಲಿಯಾ ಇದರ ತನ್ನ ರೂಪವನ್ನು 2009ರಿಂದ ಮೂರು ವರ್ಷಕ್ಕೊಮ್ಮೆ ದೇಶದುದ್ದಕ್ಕೂ ನಡೆಸುತ್ತಿದೆ.

ನಮ್ಮಲ್ಲಿ ಶಿಕ್ಷಣದ ಸ್ಥಿತಿಗತಿ ತಿಳಿಸುವ ಅಸರ್ ಸಮೀಕ್ಷೆಯ 2019ರ ಸುತ್ತು ನಾಲ್ಕರಿಂದ ಎಂಟು ವರ್ಷದ ಮಕ್ಕಳನ್ನು ಅವರ ಮನೆಗಳಲ್ಲೇ ಭೇಟಿಯಾಗಿ ವಿಂಗಡಣೆ, ಒಗಟುಚಿತ್ರ, ಸರಣಿ, ಚಿತ್ರ ನೋಡಿ ಹೇಳುವುದು ಇಂಥ ಚಟುವಟಿಕೆಗಳನ್ನು ಮಾಡಿಸಿತು. ಅದಕ್ಕಿಂತ ಆಳವಾದದ್ದು ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದ ಶಿಶುಶಿಕ್ಷಣ ಕೇಂದ್ರ ಮತ್ತು ಅಸರ್ ಸೆಂಟರ್ ಕೂಡಿ ನಡೆಸಿದ, 2017ರಲ್ಲಿ ವರದಿ ಪ್ರಕಟವಾದ ಅಧ್ಯಯನ. ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳ ಸುಮಾರು 14,000 ಮಕ್ಕಳನ್ನು ನಾಲ್ಕರಿಂದ ಎಂಟನೆಯ ವಯಸ್ಸಿನವರೆಗೆ ಹಿಂಬಾಲಿಸಿದ ಅಧ್ಯಯನವಿದು. ಐದರ ವಯಸ್ಸಿನ ಬಹುಪಾಲು ಮಕ್ಕಳು ಶಾಲೆ ನಿರೀಕ್ಷಿಸುವ ಮಟ್ಟದಲ್ಲಿ ಇರಲಿಲ್ಲ. ಅಂಗನವಾಡಿ, ಖಾಸಗಿ ನರ್ಸರಿ ಎರಡೂ ಕಡೆ ಎಳೆಯರಿಗೆ ಒಗ್ಗುವ ಕ್ರಮ ವಿರಳವಾಗಿತ್ತು. ಒಂದು ಕಡೆ ಊಟ ಬಡಿಸುವುದರಲ್ಲೇ ಹೊತ್ತು ಹೋದರೆ ಇನ್ನೊಂದು ಕಡೆ ಒಂದನೆಯ ತರಗತಿಯ ಪಾಠವನ್ನೇ ಕೆಳಕ್ಕೆ ಎಳೆದುಕೊಂಡಿದ್ದರು. ಆಟದ ಮೂಲಕ ಕಲಿಸಿದ ಕೆಲವೇ ಕೇಂದ್ರಗಳ ಮಕ್ಕಳು ಮುಂದೆಯೂ ಚೆನ್ನಾಗಿ ಕಲಿತರು.

ಮೂರನೆಯ ಉದ್ದೇಶ ಎದುರಿಗಿರುವ ಈ ಒಂದು ಮಗುವಿಗೆ ಏನು ಬೇಕೆಂದು ತಿಳಿಯುವುದು. ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಇದೇ. ಇದಕ್ಕೆ ಬೇಕಾದದ್ದು ವಾರಗಟ್ಟಲೆಯ ಗಮನ, ಒಂದು ನೋಟ್‌ಬುಕ್ಕು. ಪಳಗಿದ ಅಂಗನವಾಡಿ ಕಾರ್ಯಕರ್ತೆ ತಟ್ಟೆಯಲ್ಲಿ ಗುಂಡಿ, ಬೀಜ, ಬಳೆಚೂರು ಬೆರೆಸಿಟ್ಟು, ಒಂದೇ ತರದವನ್ನು ಒಂದೆಡೆ ಇಡು ಎನ್ನುತ್ತಾಳೆ. ಮಗು ಬಣ್ಣ ನೋಡಿ ಬೇರೆ ಮಾಡುತ್ತದೆ. ಇನ್ನೊಂದು ತರ ಮಾಡ್ತೀಯಾ ಎಂದು ಎಲ್ಲವನ್ನೂ ಮತ್ತೆ ಕಲಸುತ್ತಾಳೆ. ಈಗ ಗಾತ್ರ ನೋಡಿ ವಿಂಗಡಿಸಿದರೆ ಯೋಚನೆ ಬಾಗುತ್ತದೆ ಎಂದು ಗೊತ್ತಾಯಿತು. ತಬ್ಬಿಬ್ಬಾದರೆ, ತಾನು ದೊಡ್ಡದೊಂದನ್ನು ಎತ್ತಿಟ್ಟು ಸುಳಿವು ಕೊಡುತ್ತಾಳೆ. ಆ ಸುಳಿವಿಗೆ ಮಗು ಹೇಗೆ ಓಗೊಡುತ್ತದೆ ಎಂಬುದರಲ್ಲಿ, ತಾನೇ ಮಾಡಿದ್ದಕ್ಕಿಂತ ಹೆಚ್ಚಿನ ಮಾಹಿತಿ ಇರುತ್ತದೆ. ಎಳೆಯರ ಉತ್ತರ ದಿನಕ್ಕೊಂದು ತರ. ಹಸಿವು, ನಿದ್ದೆ, ಹೊಸ ಮುಖ, ಮನೆಯ ಜಗಳ ಯಾವುದರಿಂದಲೂ ಬಾಯಿ ಕಟ್ಟಬಹುದು. ಹಾಗಾಗಿ ಒಂದೇ ದಿನದ ಪರೀಕ್ಷೆಯಿಂದ ಐದು ವರ್ಷದ ಮಗುವಿನ ಬಗ್ಗೆ ತೀರ್ಮಾನಕ್ಕೆ ಬರಬಾರದು.

ಬೆಳವಣಿಗೆಯಲ್ಲಿ ನಿಜವಾದ ತಡ ಇದೆಯೇ ಎಂಬ ಅನುಮಾನ ಬಂದಾಗ ಮಾತ್ರ ತಜ್ಞರ ಮಾಪಕಗಳಿಗೆ ಕೆಲಸ. ತಿರುವನಂತಪುರದ ಬೆಳವಣಿಗೆ ಪಟ್ಟಿ, ಮೈಸೂರಿನ ಜೆ. ಭರತ್‌ರಾಜ್ ಅವರ ಬೆಳವಣಿಗೆ ತಪಾಸಣಾ ಮಾಪಕ ಭಾರತೀಯ ಮಕ್ಕಳಿಗೆಂದೇ ರೂಪುಗೊಂಡವು. ಅವನ್ನು ತರಬೇತಾದವರೇ ಬಳಸಬೇಕು.

ಮೈಯ ಆರೋಗ್ಯ

ಅಕ್ಷರ, ಅಂಕಿಗಳ ಚರ್ಚೆಯಲ್ಲಿ ಮರೆಯಾಗುವುದು ಹೊಟ್ಟೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರರಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ನೂರರಲ್ಲಿ 65 ಮಕ್ಕಳಿಗೆ ರಕ್ತಹೀನತೆ ಇದೆ. ರಕ್ತಹೀನ ಮಗು ಬೇಗ ದಣಿಯುತ್ತದೆ, ಗಮನ ನಿಲ್ಲಿಸಲಾರದು. ಅದಕ್ಕೆ ಕೊಡಬೇಕಾದದ್ದು ಹೋಮ್‌ವರ್ಕ್ ಅಲ್ಲ, ಮೊಟ್ಟೆ, ಸೊಪ್ಪು, ಕಬ್ಬಿಣದ ಔಷಧಿ, ಜಂತುಹುಳದ ಮಾತ್ರೆ. ಕ್ಷೀರಭಾಗ್ಯ ಯೋಜನೆಯಲ್ಲಿ 2013ರಿಂದ ಅಂಗನವಾಡಿ, ಶಾಲೆಗಳಿಗೆ ಹಾಲು ಬರುತ್ತಿರುವುದನ್ನೂ ಶಾಲಾ ಸಿದ್ಧತೆಯ ಕಾರ್ಯಕ್ರಮವೆಂದೇ ಎಣಿಸಬೇಕು.

ಕಿವಿ, ಕಣ್ಣುಗಳ ಸಂಗತಿ ಇನ್ನೂ ಸೂಕ್ಷ್ಮ. ಕಿವಿ ಸೋರುವ ಮಗುವಿಗೆ ಹಿಂದಿನಿಂದ ಕರೆದರೆ ಕೇಳದು, ಮುಂದೆ ನಿಂತು ತುಟಿ ಕಾಣುವಂತೆ ಹೇಳಿದರೆ ತಿಳಿಯುತ್ತದೆ. ಅಂಥ ಮಗುವನ್ನು ಮೊಂಡ, ಮಾತು ಕೇಳುವುದಿಲ್ಲ ಎಂದು ಬಯ್ದು ವರ್ಷಗಳು ಕಳೆಯುವುದುಂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಬಂದು ಇಂಥ ತೊಂದರೆಗಳನ್ನು ಹುಡುಕಬೇಕೆಂಬ ನಿಯಮವಿದೆ. ಮಾತು, ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ದೊಡ್ಡ ಆಸರೆ. ಅಂಗವೈಕಲ್ಯವಿರುವ ಮಗು ಸಿದ್ಧವಾಗಿಲ್ಲ ಎಂದು ಹಿಂದಕ್ಕೆ ಕಳಿಸುವುದಕ್ಕೆ ಯಾವ ಶಾಲೆಗೂ ಅಧಿಕಾರವಿಲ್ಲ. ಇಳಿಜಾರು ದಾರಿ, ಹತ್ತಿರದ ಬೆಂಚು, ಸನ್ನೆಯ ನೆರವು ಒದಗಿಸಬೇಕಾದವರು ಶಾಲೆಯವರು.

ನೆರವಿನ ವ್ಯವಸ್ಥೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮೂರರಿಂದ ಆರರ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಅವುಗಳ ಆರು ಸೇವೆಗಳಲ್ಲಿ ಒಂದು. ಚಿಲಿಪಿಲಿ ಎಂಬ ಚಟುವಟಿಕೆ ಪುಸ್ತಕ ಬಹುಕಾಲದಿಂದ ಬಳಕೆಯಲ್ಲಿದೆ. ಕೊರತೆ ಇರುವುದು ಹೊತ್ತಿನದು. ತೂಕ ನೋಡುವುದು, ರೇಷನ್ ಹಂಚುವುದು, ಮೊಬೈಲಿನಲ್ಲಿ ಮಾಹಿತಿ ತುಂಬುವುದು, ಚುನಾವಣೆಯ ಕೆಲಸ, ಇವೆಲ್ಲದರ ನಡುವೆ ಒಬ್ಬಳೇ ಕಾರ್ಯಕರ್ತೆ ಒಬ್ಬ ಸಹಾಯಕಿಯ ಜೊತೆ ಮೂರು ವಯೋಮಾನದ ಮಕ್ಕಳಿಗೆ ಆಟ, ಕತೆ ನಡೆಸಬೇಕು. ಅವಳನ್ನು ಶಿಕ್ಷಕಿಯೆಂದು ಒಪ್ಪಿ, ಶಿಕ್ಷಕಿಯ ತರಬೇತಿ ಮತ್ತು ಸಂಬಳ ಕೊಡದೆ ಶಾಲಾ ಸಿದ್ಧತೆಯ ಮಾತಾಡುವುದು ಸರಿಯಲ್ಲ.

ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿಗಳು ಬರಿದಾಗುತ್ತವೆಂದು ಕಾರ್ಯಕರ್ತೆಯರು ಬೀದಿಗಿಳಿದರು. 2024ರಲ್ಲಿ ಬೆಂಗಳೂರಿನ 250 ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿಗಳೆಂದು ಮೇಲ್ದರ್ಜೆಗೇರಿಸಿದ್ದು ಈ ಜಗ್ಗಾಟದ ಒಂದು ಫಲ. ಒಂದೇ ಮಗುವಿನ ಮೂರರಿಂದ ಎಂಟು ವರ್ಷಗಳನ್ನು ಒಂದೇ ಬುನಾದಿ ಹಂತವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲ್ಪಿಸಿತು. ಅಂಗನವಾಡಿಯ ಮತ್ತು ಶಾಲೆಯ ಇಲಾಖೆಗಳು ಮಾತ್ರ ಎರಡಾಗಿಯೇ ಉಳಿದಿವೆ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರತಂದ ವಿದ್ಯಾ ಪ್ರವೇಶ, ಒಂದನೆಯ ತರಗತಿಯ ಮೊದಲ ಮೂರು ತಿಂಗಳನ್ನು ಪಠ್ಯಪುಸ್ತಕ ತೆರೆಯದೆ ಆಟ, ಹಾಡು, ಕತೆ, ಚಿತ್ರಗಳಿಗೆ ಮೀಸಲಿಡುವ ಕಾರ್ಯಕ್ರಮ. ಅಂಗನವಾಡಿ ಕಾಣದ ಮಗುವಿಗೆ ಇದು ಪೂರ್ತಿ ಸಾಲದು, ಆದರೆ ಶಾಲೆಯೇ ಮಗುವಿನ ಕಡೆಗೆ ಒಂದು ಹೆಜ್ಜೆ ಇಟ್ಟಿತಲ್ಲ ಎಂಬುದು ದೊಡ್ಡ ಮಾತು. ಕರ್ನಾಟಕಕ್ಕೆ ಈ ದಾರಿ ಹೊಸದೂ ಅಲ್ಲ. ಆಂಧ್ರದ ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ಕಂಡುಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭಿಸಿದ ನಲಿ–ಕಲಿ, ಬೆತ್ತ, ಬೆಂಚು, ಒಂದೇ ಪಾಠ ಎಂಬ ಕ್ರಮವನ್ನು ಬದಿಗಿಟ್ಟಿತು. ಮಕ್ಕಳು ನೆಲದ ಮೇಲೆ ಸುತ್ತ ಕೂತು, ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ನೋಡಿಕೊಂಡು, ಕಾರ್ಡು ತೆಗೆದುಕೊಂಡು ಮುಂದುವರಿಯುತ್ತಾರೆ. ಗೋಡೆಯ ಕೆಳಗಿನ ಭಾಗವೇ ಅವರ ಕರಿಹಲಗೆ. ಹದಿನೈದು ದಿನ ಜ್ವರ ಬಂದು ಹೋದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡುತ್ತದೆ. ಯಾರೂ ಹಿಂದುಳಿದೆ ಎನ್ನುವುದಿಲ್ಲ. ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೆ ಹರಡಿದ ಮೇಲೆ ಕಾರ್ಡುಗಳು ಹರಿದು, ಶಿಕ್ಷಕರು ಕಡಿಮೆಯಾಗಿ ಅದರ ಜೀವ ಕುಂದಿದ ಕಡೆಗಳೂ ಇವೆ. ಆದರೂ ಮಗುವಿನ ನಡಿಗೆಗೆ ಶಾಲೆ ಹೊಂದಿಕೊಳ್ಳಬೇಕೆಂಬ ತತ್ವವನ್ನು ಕನ್ನಡ ನೆಲದಲ್ಲಿ ಇಷ್ಟು ದೊಡ್ಡದಾಗಿ ಬೇರಾರೂ ಮಾಡಿ ತೋರಿಸಿಲ್ಲ.

ಮನೆಯವರಿಂದ ಆಗಬೇಕಾದದ್ದು ದುಬಾರಿಯದಲ್ಲ. ಅಡುಗೆ ಮಾಡುತ್ತ ಮಗುವಿನ ಜೊತೆ ಮಾತಾಡುವುದು, ಅವರೆಕಾಳು ಸುಲಿಯುವಾಗ ಎಣಿಸಲು ಬಿಡುವುದು, ಅಜ್ಜಿಯ ಕತೆ, ಬಟ್ಟೆ ಹಾಕಿಕೊಳ್ಳಲು ಬೇಕಾದಷ್ಟು ಹೊತ್ತು, ಶಾಲೆಯ ಹೆಸರೆತ್ತಿ ಹೆದರಿಸದಿರುವುದು. ಮೊಬೈಲಿನ ಹಾಡು ಮಗುವನ್ನು ಸುಮ್ಮನಿರಿಸುತ್ತದೆ, ಆದರೆ ಮರುಪ್ರಶ್ನೆ ಕೇಳುವುದಿಲ್ಲ. ಅಕ್ಷರ ಬಾರದ ತಾಯಿಯೂ ಇದರಲ್ಲಿ ಯಾರಿಗೂ ಕಡಿಮೆಯಿಲ್ಲ ಎಂದು ಶಾಲೆಯವರು ಆಕೆಗೆ ಬಾಯಿಬಿಟ್ಟು ಹೇಳಬೇಕು.

ಮೂರು ವರ್ಷ ಮಗುವನ್ನು ನೋಡಿದ ಅಂಗನವಾಡಿ ಕಾರ್ಯಕರ್ತೆಗೆ ತಿಳಿದದ್ದು ಒಂದನೆಯ ತರಗತಿಯ ಶಿಕ್ಷಕರಿಗೆ ತಲುಪಲು ಗಟ್ಟಿಯಾದ ದಾರಿ ಇನ್ನೂ ಇಲ್ಲ. ಶಾಲೆಗೆ ಹೋಗುವುದು ಹೆಸರು, ಹುಟ್ಟಿದ ದಿನ, ಆಧಾರ್ ಸಂಖ್ಯೆ. ಈ ಹುಡುಗಿ ಎಡಗೈಲಿ ಬರೆಯುತ್ತಾಳೆ, ಈ ಹುಡುಗನಿಗೆ ಎಡಗಿವಿ ಮಂದ, ಇವನ ಮನೆಮಾತು ಲಂಬಾಣಿ, ಇವಳು ಗುಂಪಿನಲ್ಲಿ ಮಾತಾಡುವುದಿಲ್ಲ ಆದರೆ ಕತೆ ಪೂರ್ತಿ ನೆನಪಿಟ್ಟಿರುತ್ತಾಳೆ ಎಂಬ ನಾಲ್ಕು ಸಾಲು ಹೋಗುವುದಿಲ್ಲ. ಅನೇಕ ಊರುಗಳಲ್ಲಿ ಅಂಗನವಾಡಿ ಶಾಲೆಯ ಆವರಣದಲ್ಲೇ ಇದೆ. ಅಲ್ಲಿ ಮೇ ಕೊನೆಯ ವಾರ, ಪ್ರಾರಂಭೋತ್ಸವದ ತಳಿರುತೋರಣ ಕಟ್ಟುವ ಮುನ್ನ, ಕಾರ್ಯಕರ್ತೆ, ಶಿಕ್ಷಕರು ಇಬ್ಬರೂ ದಾಖಲಾತಿ ಪಟ್ಟಿ ಹಿಡಿದು ಒಂದು ಮಧ್ಯಾಹ್ನ ಕೂತು ಮಾತಾಡಿಕೊಳ್ಳಲು ಎರಡು ಇಲಾಖೆಗಳ ಯಾವ ನಿಯಮವೂ ಅಡ್ಡಿಯಿಲ್ಲ.